ಗಿಡ್ಡ ಹೇಂಟೆಯ ಕೊನೆಯ ಮೊಟ್ಟೆಗಳು

ನನಗೆ ಅಳತೆಯ ಹುಚ್ಚು. ಮಧುಗಿರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎರಡು ತೋಳಿನ ನಡುವೆ ನೂಲಿನಷ್ಟು ವ್ಯತ್ಯಾಸ ಕಂಡರೂ ಮೈಯೆಲ್ಲ ಉರಿದು, ಹೊಲಿಗೆ ಪೂರ್ತಿ ಬಿಚ್ಚಿಬಿಡುತ್ತೇನೆ. ಇಂಥವಳ ಕೈಗೆ ಜಪಾನ್ ಬ್ಯಾಂಟಮ್ ಕೋಳಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಅವನ್ನು ಮೊದಲು ಕಂಡದ್ದು ಸಿರಾದಲ್ಲಿ. ಗೋಡೆ ಗಡಿಯಾರ ರಿಪೇರಿಗೆ ಕೊಡಲು ಹೋದಾಗ ಅಂಗಡಿಯ ಹಿಂದಿನ ಅಂಗಳದಲ್ಲಿ ಮೂರು ಪುಟ್ಟ ಕೋಳಿಗಳು ಓಡಾಡುತ್ತಿದ್ದವು. ಬಾಲ ತಲೆಗಿಂತ ಎತ್ತರಕ್ಕೆ ನೆಟ್ಟಗೆ ನಿಂತಿತ್ತು, ರೆಕ್ಕೆಯ ತುದಿ ನೆಲ ಸವರುತ್ತಿತ್ತು. ಕಾಲಂತೂ ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಬಂದ ಕೆಲಸವೇ ಮರೆತುಹೋಯಿತು. ರಿಪೇರಿ ಮಾಡುವ ಹಿರಿಯರನ್ನು ಅಲ್ಲಿ ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ವಯಸ್ಸಾಯಿತು, ಇವನ್ನು ಸಾಕಲು ಇನ್ನು ಆಗುವುದಿಲ್ಲ ಎಂದು ಅವರು ಅಂದದ್ದೇ ತಡ, ಒಂದು ಹುಂಜ, ಎರಡು ಹೇಂಟೆ, ಮೂರನ್ನೂ ಬುಟ್ಟಿಗೆ ಹಾಕಿಸಿಕೊಂಡೆ.

ಹೊರಡುವಾಗ ಚಾಚಾ ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದು ಬೆರಳೆತ್ತಿದರು. "ಬೇಟಿ, ಜೋಡಿ ಕಟ್ಟೋ ಮುಂಚೆ ಒಂದು ಮಾತು..."

"ಬಸ್ಸು ಹೋಗ್ಬುಡ್ತದೆ ಚಾಚಾ. ಕೋಳಿ ಸಾಕೋದು ನಂಗೇನು ಹೊಸದಾ?" ಎಂದು ಓಡಿಬಂದೆ. ಆ ಒಂದು ಮಾತು ಕೇಳಿಸಿಕೊಳ್ಳದ ಸೊಕ್ಕಿಗೆ ಮೂರು ವರ್ಷ ಬೆಲೆ ತೆತ್ತೆ.

ಮರಿಗಳಾದವು. ಟೇಪು ಹಿಡಿದು ಕಾಲು ಅಳೆದೆ. ಅತಿ ಗಿಡ್ಡ ಹುಂಜಕ್ಕೆ ಅತಿ ಗಿಡ್ಡ ಹೇಂಟೆಯನ್ನೇ ಜೋಡಿ ಮಾಡಿದೆ. ಚಂದಕ್ಕೆ ಚಂದ ಸೇರಿಸಿದರೆ ಇನ್ನೂ ಚಂದ ಬರಬೇಕಲ್ಲವೇ? ಬಟ್ಟೆಯಲ್ಲಿ ಹಾಗೇ ಆಗುತ್ತದೆ. ಪ್ರತಿ ಸಲವೂ ಕೆಲವು ಮರಿ ಉದ್ದ ಕಾಲಿನವು ಹುಟ್ಟುತ್ತಿದ್ದವು. ಬಾಲ, ಜುಟ್ಟು, ರೆಕ್ಕೆ ಎಲ್ಲ ಸರಿಯಿದ್ದು ಕಾಲು ಮಾತ್ರ ಉದ್ದ ಆದರೆ ನನಗೆ ತಾತ್ಸಾರ. ಕೇಳಿದವರಿಗೆ ಕೊಟ್ಟುಬಿಡುತ್ತಿದ್ದೆ. ಕೇಳುವವರಿಗೂ ಬರವಿರಲಿಲ್ಲ. ಊರ ದೇವತೆಗೆ, ನಮ್ಮವರು ತಾಯಿ ಅನ್ನುವವಳಿಗೆ, ಹರಕೆ ಬಿಡುವ ಕೋಳಿಗೆ ಊನ ಇರಬಾರದು. ನಾನು ಎದೆಗವಚಿಕೊಂಡ ಗಿಡ್ಡ ಕಾಲು ನಮ್ಮ ಕಡೆಯವರ ಕಣ್ಣಿಗೆ ಊನ, ನಾನು ಬೇಡವೆಂದದ್ದೇ ಅವರಿಗೆ ಲಕ್ಷಣವಾದ ಕೋಳಿ. "ಗಿಡ್ಡನವ ನೀನೇ ಮಡಿಕ್ಕೊ ಕಣಮ್ಮ, ತಾಯಿಗೆ ಆಗಲ್ಲ" ಎಂದು ನಗುತ್ತಾ ಒಯ್ಯುತ್ತಿದ್ದರು.

ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ನಾಟಿ ಕೋಳಿಯ ಕೆಳಗೆ ಕಾವಿಗಿಟ್ಟ ಮೊಟ್ಟೆಗಳನ್ನು ಏಳನೆಯ ದಿನ ಕತ್ತಲ ಉಗ್ರಾಣಕ್ಕೆ ಒಯ್ದು, ಫೋನಿನ ಟಾರ್ಚಿಗೆ ಒಡ್ಡಿ ನೋಡುತ್ತಿದ್ದೆ. ಮರಿ ಬೆಳೆಯುತ್ತಿದ್ದರೆ ಕೆಂಪು ನರಗಳು ಹರಡಿರುತ್ತವೆ. ನನ್ನ ಮೊಟ್ಟೆಗಳಲ್ಲಿ ಪ್ರತಿ ಸಲವೂ ಒಂದೆರಡರಲ್ಲಿ ನರಗಳಿರುತ್ತಿರಲಿಲ್ಲ, ಬರೀ ರಕ್ತದ ಒಂದು ಉಂಗುರ. ಅಂದರೆ ಒಳಗಿನ ಜೀವ ಆಗಲೇ ಸತ್ತಿದೆ. ಕಾವು ಕೂತ ಕೋಳಿಯನ್ನು ಬೈದೆ, ಬಿಸಿಲನ್ನು ಬೈದೆ, ಬಾಗಿಲು ದಡಾರನೆ ಹಾಕುತ್ತಾರೆಂದು ಗಂಡನನ್ನೂ ಬೈದೆ.

ಹೋದ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಲಸಿಕೆ ಹಾಕಿಸಲು ನಾಳೆ ನಾಳೆ ಅನ್ನುತ್ತಿದ್ದೆ. ವಾರದಲ್ಲಿ ಗೂಡು ಖಾಲಿಯಾಯಿತು. ಉಳಿದದ್ದು ಸಿರಾದಿಂದ ತಂದ ಹುಂಜ ಮತ್ತು ಒಂದು ಹೇಂಟೆ, ಎರಡೂ ಮುದಿಯಾದವು. ಆ ಹೇಂಟೆಯ ಮೊಟ್ಟೆ ಆಗಲೇ ವಿರಳವಾಗಿತ್ತು. ಅವಳು ನಿಲ್ಲಿಸುವುದರೊಳಗೆ ಮರಿಗಳಾಗದಿದ್ದರೆ ಆ ತಳಿ ನನ್ನ ಅಂಗಳದಲ್ಲೇ ಮುಗಿಯುತ್ತದೆ. ಪಕ್ಕದ ಮನೆಯಿಂದ ಕಾವು ಕೂತ ನಾಟಿ ಕೋಳಿಯೊಂದನ್ನು ತಂದು ಐದು ಮೊಟ್ಟೆ ಕೂರಿಸಿದೆ. ಮೂರರಲ್ಲಿ ಉಂಗುರ, ಉಳಿದೆರಡು ಕೊಳೆತವು. ಮಾರನೆಯ ದಿನವೇ ಹೊಲಿಗೆ ಕೋಣೆಗೆ ಬೀಗ ಹಾಕಿ ಸಿರಾ ಬಸ್ಸು ಹತ್ತಿದೆ.

ಚಾಚಾ ಪೂರ್ತಿ ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು. "ಅರೆ ಬೇಟಿ, ಗಿಡ್ಡಕ್ಕೆ ಗಿಡ್ಡನೇ ಕಟ್ಟಿದ್ಯಾ? ಎರಡೂ ಕಡೆಯಿಂದ ಗಿಡ್ಡ ರಕ್ತ ಸೇರಿದ್ರೆ ಪಿಳ್ಳೆ ನಿಲ್ಲಲ್ಲ. ನಾಕರಲ್ಲಿ ಒಂದು ಮೊಟ್ಟೆ ಒಳಗೇ ಖಲಾಸ್. ಒಂದು ಕಡೆ ಉದ್ದ ಕಾಲಿಂದು ಇರಬೇಕು, ಅದೂ ಅದೇ ಖಾನ್‌ದಾನ್‌ದು, ಅದೇ ತಳಿದು. ಅವತ್ತು ಅದನ್ನೇ ಹೇಳಕ್ಕೆ ಬಂದೆ, ನಿನಗೆ ಬಸ್ಸು."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ನನ್ನ ಟೇಪೇ ಆ ಮರಿಗಳನ್ನು ಕೊಂದಿತ್ತು, ಬದುಕಿಸಬೇಕಾದ ಹುಂಜಗಳನ್ನು ನಾನೇ ಒಂದೊಂದಾಗಿ ಹರಕೆಗೆ ಕಳಿಸಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬೆರಳು ಮಡಚುತ್ತಾ ನೆನಪಿಸಿಕೊಂಡೆ: ಯಾರ ಹತ್ತಿರವಾದರೂ ಒಂದು ಜೀವಂತ ಇದೆಯೇ? ತಟ್ಟನೆ ಹೊಳೆಯಿತು. ರೋಗ ಬರುವ ಮುಂಚೆ ಬಡವನಹಳ್ಳಿಯ ನಾದಿನಿಗೆ ಒಂದು ಹುಂಜ ಕೊಟ್ಟಿದ್ದೆ, ಸತ್ತುಹೋದ ಇನ್ನೊಂದು ಹೇಂಟೆಯ ಮಗ. ಫೋನು ಮಾಡಿದೆ.

"ಅಯ್ಯೋ ಅತ್ತಿಗೆ, ಅದು ನಾಳೆ ತಾಯಿಗೆ! ಹಸ ಈದಿದ್ದಕ್ಕೆ ಹರಕೆ. ಅರಿಶ್ನದ ನೀರು ಹಾಕ್ಬುಟ್ಟಿದೀವಿ."

"ನಾನು ಬರೋಗಂಟ ಅದನ್ನ ಮುಟ್ಬ್ಯಾಡ್ರಿ ಕಣಮ್ಮ!" ಎಂದು ಕಿರುಚಿದೆ. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವನು ಬೆಚ್ಚಿಬಿದ್ದ. ಬಡವನಹಳ್ಳಿ ಮಧುಗಿರಿಗೆ ಬರುವ ದಾರಿಯಲ್ಲೇ ಇದೆ, ಅದೊಂದೇ ಪುಣ್ಯ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ.

ಮಂಕರಿಯ ಕೆಳಗೆ ಹುಂಜ ಅರಿಶಿನ ಬಳಿದುಕೊಂಡು ಗತ್ತಾಗಿ ನಿಂತಿತ್ತು. ಎಂಥ ಬಾಲ! ಎಂಥ ಜುಟ್ಟು! ಇದನ್ನು ಕಾಲು ಉದ್ದ ಎಂದು ದಾನ ಮಾಡಿದ ನನ್ನ ಕಣ್ಣಿಗೆ ಏನು ಬಡಿದಿತ್ತೋ. ಬದಲಿಗೆ ಬೇರೆ ಹುಂಜ ತಂದುಕೊಡುತ್ತೇನೆ ಎಂದು ಬೇಡಿದೆ. ನಾದಿನಿ ಅತ್ತೆಯ ಮುಖ ನೋಡಿದಳು. ಆ ಹಿರಿಯಾಕೆ ಕಡ್ಡಿ ತುಂಡು ಮಾಡಿದ ಹಾಗೆ ಅಂದರು: "ತಾಯಿ ಹೆಸ್ರಿಗೆ ಬಿಟ್ಟಿದ್ದು ವಾಪಸ್ ಕೊಡಕ್ಕಾಯ್ತದಾ? ನೀನೇ ಹೇಳು."

ಕಡೆಯ ಸಲ ನೋಡಿ ಹೋಗೋಣವೆಂದು ಹುಂಜವನ್ನು ತೊಡೆಯ ಮೇಲೆ ಎತ್ತಿಕೊಂಡೆ. ಕೈ ತನ್ನ ಅಭ್ಯಾಸದಂತೆ ಓಡಿತು: ಜುಟ್ಟು, ಕೊಕ್ಕು, ಎದೆಯ ಮೂಳೆ, ರೆಕ್ಕೆ, ಕಾಲು, ಬೆರಳು. ಎಡಗಾಲಿನ ಹಿಂಬೆರಳ ಹತ್ತಿರ ಕೈ ನಿಂತಿತು.

"ಉಗುರಿಲ್ಲ!"

ಹಿರಿಯಾಕೆ ಕನ್ನಡಕ ಹಾಕಿಕೊಂಡು ಬಗ್ಗಿದರು. ನಿಜವೇ. ಬೇಲಿಯ ತಂತಿಗೆ ಸಿಕ್ಕಿ ಕಿತ್ತುಹೋಗಿತ್ತಂತೆ, ನಾದಿನಿಗೆ ಆಗ ನೆನಪಾಯಿತು. ಅತ್ತೆ ಸೊಸೆಯ ಮೇಲೆ ತಿರುಗಿಬಿದ್ದರು. "ಊನ ಇರೋದ ತಾಯಿಗೆ ಒಪ್ಪಿಸ್ತಿದ್ಯಾ? ಇಂಗಾ ನೋಡೋದು ನೀನು?"

ನನಗೆ ಎದ್ದು ಕುಣಿಯುವಂತಾಯಿತು. ಕಿತ್ತುಹೋದ ಉಗುರು ಮರಿಗಳಿಗೆ ಬರುವ ದೋಷವಲ್ಲ! ತಾಯಿಗೆ ಆಗದ ಊನ ನನಗೆ ಊನವೇ ಅಲ್ಲ. ಆ ಸಂಜೆಯೇ ಎರಡು ಮನೆ ಆಚೆಯಿಂದ ಒಳ್ಳೆಯ ನಾಟಿ ಹುಂಜ ತಂದೆ. ಎಂಟು ಬೆರಳಿನ ಎಂಟು ಉಗುರನ್ನೂ ಹಿರಿಯಾಕೆಯ ಕೈಯಲ್ಲೇ ಮುಟ್ಟಿಸಿದೆ. ಅರಿಶಿನದ ಹುಂಜ ನನ್ನ ಬ್ಯಾಗಿನಲ್ಲಿ ತಲೆ ಹೊರಗೆ ಹಾಕಿಕೊಂಡು ಮಧುಗಿರಿಗೆ ಬಂತು.

ಆದರೆ ಚಾಚಾ ಇನ್ನೊಂದು ಮಾತು ಹೇಳಿದ್ದರು. ಹಳೆಯ ಹುಂಜವನ್ನು ಬೇರೆ ಗೂಡಿಗೆ ಹಾಕಿದ ಮೇಲೂ ಅದರ ಬೀಜ ಹೇಂಟೆಯಲ್ಲಿ ಇರುತ್ತದೆ, ಮೂರು ವಾರ ಅವಳ ಮೊಟ್ಟೆ ಕಾವಿಗಿಡಬೇಡ ಎಂದು. ಆ ಮೂರು ವಾರ! ಇದ್ದ ಬದ್ದ ಮೊಟ್ಟೆಯನ್ನೆಲ್ಲ ಅವಳು ಆಗಲೇ ಇಟ್ಟು ಮುಗಿಸಿದರೆ? ಅವಳು ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದು ಕೂಗಿದಾಗಲೆಲ್ಲ ಕ್ಯಾಲೆಂಡರಿನ ಮುಂದೆ ನಿಂತು ಉಳಿದ ದಿನ ಎಣಿಸುತ್ತಿದ್ದೆ. ಆ ಮೊಟ್ಟೆಗಳನ್ನು ಗಂಡ ಆಮ್ಲೆಟ್ ಮಾಡಿಕೊಂಡರು, ನಾನು ಮುಟ್ಟಲಿಲ್ಲ. ಮೂರು ವಾರ ಕಳೆದ ಮೇಲೆ ಅವಳು ಏಳು ಮೊಟ್ಟೆ ಕೊಟ್ಟಳು, ಆಮೇಲೆ ನಿಂತುಬಿಟ್ಟಳು. ಇವತ್ತಿನವರೆಗೂ ಮತ್ತೆ ಇಟ್ಟಿಲ್ಲ.

ಏಳನ್ನೂ ನಾಟಿ ಕೋಳಿಯ ಕೆಳಗಿಟ್ಟು, ಏಳನೆಯ ದಿನ ಉಗ್ರಾಣದಲ್ಲಿ ಒಂದೊಂದಾಗಿ ಟಾರ್ಚಿಗೆ ಒಡ್ಡಿದೆ. ಮೊದಲನೆಯದರಲ್ಲಿ ನರಗಳು. ಎರಡನೆಯದರಲ್ಲಿ ನರಗಳು. ಏಳನೆಯದನ್ನು ನೋಡುವಷ್ಟರಲ್ಲಿ ನಾನು ಗಟ್ಟಿಯಾಗಿ ನಗುತ್ತಿದ್ದೆ. ಒಂದೂ ಉಂಗುರವಿರಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನಾಟಿ ಕೋಳಿಯ ರೆಕ್ಕೆಯಡಿಯಿಂದ ಚಿಂವ್ ಚಿಂವ್ ಶುರುವಾಯಿತು. ಮಧ್ಯಾಹ್ನದೊಳಗೆ ಆರು ಬಂದವು. ಏಳನೆಯದು ಚಿಪ್ಪು ಒಡೆದು ಸುಸ್ತಾಗಿ ನಿಂತುಬಿಟ್ಟಿತು. ಬ್ಲೌಸಿಗೆ ಬಂದವರಿಗೆ ನಾಳೆ ಬನ್ನಿ ಎಂದು ಹೇಳಿ ಗೂಡಿನ ಮುಂದೆಯೇ ಕುಳಿತೆ. ಮೂರು ಗಂಟೆಯ ಹೊತ್ತಿಗೆ ಅದೂ ಚಿಪ್ಪು ಒದ್ದು ಹೊರಬಿತ್ತು, ಒದ್ದೆ ಮುದ್ದೆಯಾಗಿ, ಬಾಯಿ ತೆರೆದುಕೊಂಡು.

ಚಾಚಾಗೆ ಫೋನು ಮಾಡಿ ಕೂಗಿದೆ. "ಏಳಕ್ಕೆ ಏಳೂ ಬಂದ್ವು ಚಾಚಾ! ಏಳೂ ಬದುಕವೆ!"

"ಮಾಷಾ ಅಲ್ಲಾಹ್!" ಎಂದರು. ಆಮೇಲೆ ಕೇಳಿದರು, "ಗಿಡ್ಡ ಕಾಲಿಂದು ಎಷ್ಟು ಬೇಟಿ?"

ನಾನು ಗೂಡಿನ ಕಡೆ ತಿರುಗಿದೆ. ಬೆಳಗಿನಿಂದ ಅವುಗಳ ಮುಂದೆಯೇ ಕೂತಿದ್ದೆ, ಒಂದರ ಕಾಲನ್ನೂ ನೋಡಿರಲಿಲ್ಲ.