ಕೋಳಿ ಹಿಡಿದ ಅಜ್ಜಿಯ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ತೆರೆದ ಕೂಡಲೇ ನಮಗೆ ಕಂಡದ್ದು ಒಬ್ಬ ಅಜ್ಜಿ. ನೀಲಿ ಬಾಗಿಲ ಮುಂದೆ ನಿಂತು, ಕಂಕುಳಲ್ಲಿ ಒಂದು ಕೆಂಪು ಕೋಳಿಯನ್ನು ಅವುಚಿಕೊಂಡು, ಫೋಟೋ ತೆಗೆಯುತ್ತಿದ್ದವರನ್ನು ಬೈಯಲು ಆಗತಾನೇ ಬಾಯಿ ತೆರೆದಂತಿದ್ದಳು. ಅವಳ ಚಿತ್ರದ ಕೆಳಗೆ ಒಂದು ಖಾಲಿ ಪಟ್ಟಿ. ಅದರಲ್ಲಿ ಪಾಸ್‌ವರ್ಡ್ ಹಾಕಬೇಕು. ಆ ಪಾಸ್‌ವರ್ಡ್ ಏನೆಂದು ನಮಗೆ ಗೊತ್ತಿರಲಿಲ್ಲ.

ಮಗಳಿಗೆ ಕಂಪ್ಯೂಟರ್ ಪರೀಕ್ಷೆ ಹತ್ತಿರ ಬಂದಿತ್ತು. ಮನೆಯಲ್ಲಿ ಕೂತು ಕೈ ಪಳಗಿಸಿಕೊಳ್ಳಲಿ ಎಂದು ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದರಲ್ಲಿ ಈ ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದೆವು. ನಮ್ಮೂರು ಕ್ಯಾಸಂಬಳ್ಳಿಯ ಬಸ್ಸು ಹೊರಡುವ ಗಡಿಬಿಡಿ. ವೈರು ಸಿಕ್ಕಿಸಿದಾಗ ದೀಪ ಹತ್ತಿದ್ದನ್ನು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ ತಂದುಬಿಟ್ಟೆವು. ಪೂರ್ತಿ ತೆರೆದು ನೋಡುವಷ್ಟು ತಾಳ್ಮೆ ನನಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವನು ಒಂಚೂರೂ ಗಾಬರಿಯಾಗಲಿಲ್ಲ.

"ಅಯ್ಯೋ ಅಕ್ಕಾ, ಅದು ಮೈಸೂರು ಮೈನ್ಸ್ ಕಡೆಯಿಂದ ಬಂದ ಮಾಲು. ಯಾರೋ ನರ್ಸಮ್ಮ ಕೊಟ್ಟೋದ್ರು. ತಗೊಂಬನ್ನಿ, ಒಳಗಿರೋದೆಲ್ಲಾ ಅಳಿಸಿ ಒಸದು ಮಾಡ್ಕೊಡ್ತೀನಿ. ಅರ್ಧ ಗಂಟೆ ಕೆಲಸ."

ಹಸುವಿಗೆ ಹಿಂಡಿ ಕಲಸುತ್ತಿದ್ದ ನಮ್ಮತ್ತೆ ಅಲ್ಲಿಂದಲೇ ಕೇಳಿದರು. "ಎಲ್ಲಾನೂ ಅಂದ್ರೆ?"

"ಎಲ್ಲಾನೂ ಅಂದ್ರೆ ಎಲ್ಲಾನೂ ಅಜ್ಜಿ," ಅಂದಳು ನನ್ನ ಮಗಳು.

"ಆ ಕೋಳಿ ಯಮ್ಮನ್ನೂವಾ?"

"ಆ ಯಮ್ಮನ್ನೂ."

ಅತ್ತೆ ಕೈ ತೊಳೆದುಕೊಂಡು ಬಂದು ಲ್ಯಾಪ್‌ಟಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಫೋಟೋವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಮೊಟ್ಟೆಯಿಡುವ ಕೋಳಿ ಎಂದರು. ಬಾಗಿಲು ಹೊಸದಾಗಿ ಬಣ್ಣ ಕಂಡಿದೆ ಎಂದರು. ಆಮೇಲೆ ಎದ್ದು ನಿಂತು ತೀರ್ಪು ಕೊಟ್ಟರು. "ಅಳಿಸ್ಬಾರ್ದು."

ಅತ್ತೆಯ ಈ ಮಾತಿನ ಬೇರು ತಿಳಿಯಬೇಕಾದರೆ ನಮ್ಮ ಕಡೆ ಹಸು ಕೊಳ್ಳುವ ರೀತಿ ತಿಳಿದಿರಬೇಕು. ನಮ್ಮಲ್ಲಿ ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ವ್ಯಾಪಾರ ಮುಗಿದ ಮೇಲೆ ಮಾರಿದವರೇ ಬಂದು, ಹಸುವಿನ ಬೆನ್ನು ಸವರಿ, ತಮ್ಮ ಹಗ್ಗ ಬಿಚ್ಚಿಕೊಳ್ಳುತ್ತಾರೆ. ಕೊಂಡವರು ತಮ್ಮ ಮನೆಯಿಂದ ತಂದ ಹಗ್ಗ ಕಟ್ಟುತ್ತಾರೆ. ಹಗ್ಗದ ಜೊತೆ ಕೊಟ್ಟರೆ ಮಾರಿದವರ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಅತ್ತೆ ತಮ್ಮ ಕಾಲದಲ್ಲಿ ಎಷ್ಟು ಹಸು ಕೊಂಡರೋ, ಎಷ್ಟು ಮಾರಿದರೋ. ಒಂದು ಸಲವೂ ಈ ರೀತಿ ತಪ್ಪಿದವರಲ್ಲ.

"ಪಾಸ್‌ವರ್ಡು ಅಂದ್ರೆ ಅಗ್ಗ ಕಣಮ್ಮ," ಎಂದರು ನನಗೆ. "ಅವರು ಬಿಚ್ಕೊಳ್ಳೋದು ಮರ್ತವ್ರೆ. ನಾವು ಕುಡುಗೋಲಾಕಿ ಕೊಯ್ಯೋದಾ? ಕರ್ಕೊಂಡೋಗಿ ಅವರ ಕೈಲೇ ಬಿಚ್ಚಿಸ್ಬೇಕು."

"ಇದು ಅಸ ಅಲ್ಲ ಅಜ್ಜೀ!" ಮಗಳು ತಲೆ ಚಚ್ಚಿಕೊಂಡಳು. "ನಂಗೆ ಪರೀಕ್ಷೆ ಐತೆ."

"ಪರೀಕ್ಷೆ ಎಲ್ಲೂ ಓಗಾಕಿಲ್ಲ. ಒಳಗೆ ಏನೈತೋ ಏನ್ ಕತೆಯೋ. ಒಬ್ಬರ ಮನೆ ಸಾಮಾನು ಒಳಗಿಟ್ಕೊಂಡು, ಕೇಳ್ದೇ ಬೀದಿಗೆ ಸುರೀತೀಯೇನ್ಲೇ?"

ನಿಜ ಹೇಳಬೇಕೆಂದರೆ ನನ್ನ ತಲೆಗೂ ಅಷ್ಟರಲ್ಲಿ ಹುಳ ಹೊಕ್ಕಿತ್ತು. ಯಾರಿರಬಹುದು ಈಕೆ? ಕೋಳಿಯನ್ನು ಯಾಕೆ ಎತ್ತಿಕೊಂಡಿದ್ದಾಳೆ? ಒಲೆಯ ಮುಂದೆ ಕೂತರೂ ಅದೇ ಯೋಚನೆ. ಪಕ್ಕದ ಮನೆಯಾಕೆ ಬಂದು ನೋಡಿ, ಇದು ಕಾಮಸಮುದ್ರದ ತನ್ನ ಚಿಕ್ಕಮ್ಮನ ಹಾಗೇ ಇದೆ ಎಂದು ವಾದ ಹೂಡಿದಳು. ಆ ಚಿಕ್ಕಮ್ಮನಿಗೆ ಫೋನೂ ಹೋಯಿತು. ತಾನು ಜನ್ಮದಲ್ಲಿ ಕೋಳಿ ಮುಟ್ಟಿದವಳಲ್ಲ ಎಂದು ಆಕೆ ಕೋಪ ಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮೂವರೂ ಬಸ್ಸು ಹತ್ತಿದೆವು. ಮಗಳ ಮುಖ ಊದಿಕೊಂಡಿತ್ತು. ಕೋಳಿ ಅಜ್ಜಿ ಸಿಗದಿದ್ದರೆ ಅಲ್ಲಿಂದ ನೇರ ಅಂಗಡಿಗೆ, ಅಳಿಸಿಯೇ ಊರಿಗೆ ಎಂದು ಮಾತು ತೆಗೆದುಕೊಂಡಿದ್ದಳು.

ಕೆಜಿಎಫ್‌ನಲ್ಲಿ ಇಳಿದು ಆಟೋ ಹಿಡಿದು ಮೈಸೂರು ಮೈನ್ಸ್ ಎಂಬ ಹಳೆಯ ಗಣಿ ಬಡಾವಣೆಗೆ ಹೋದೆವು. ಗಣಿ ಕೆಲಸಗಾರರ ಸಾಲುಮನೆಗಳಾದ ಕೂಲಿ ಲೈನುಗಳ ತುದಿಯ ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆವು. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಬಗ್ಗಿದರು. ಒಬ್ಬ ತಮಿಳಿನಲ್ಲಿ ಏನೋ ಅಂದ, ಇನ್ನೊಬ್ಬ ತೆಲುಗಿನಲ್ಲಿ ನಕ್ಕ, ಟೀಯವನು ಕನ್ನಡದಲ್ಲಿ ಕೂಗಿದ.

"ಇದು ನಮ್ಮ ಕೋಳಿ ಪಾಟಿ ಅಲ್ವಾ!"

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಆ ಲೈನಿಗೆಲ್ಲ ಆಕೆ ಕೋಳಿ ಪಾಟಿಯಂತೆ. ಎರಡನೇ ಸಾಲು, ತಟ್ಟಿ ಬೇಲಿಯ ಮನೆ ಎಂದು ಎಲ್ಲರೂ ಒಟ್ಟಿಗೆ ಕೈ ತೋರಿಸಿದರು.

ಫೋಟೋದಲ್ಲಿದ್ದ ನೀಲಿ ಬಾಗಿಲೇ. ತೆರೆದವಳೂ ಅವಳೇ, ಕೈಯಲ್ಲಿ ಕೋಳಿ ಮಾತ್ರ ಇರಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಾಗ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯಯ್ಯೋ, ನಾನು! ಇದರೊಳಗೆ ನಾನೆಂಗೆ ಬಂದೆ?" ಎಂದವಳೇ "ವಾಂಗ, ವಾಂಗ, ಒಳಗೆ ಬನ್ನಿ" ಎಂದು ಚಾಪೆ ಹಾಸಿದಳು.

ಅದು ಅವಳ ಮಗಳ ಲ್ಯಾಪ್‌ಟಾಪ್. ನರ್ಸಿಂಗ್ ಓದುವಾಗ ಇಟ್ಟುಕೊಂಡಿದ್ದದ್ದು. ಈಗ ಮಗಳಿಗೆ ಕೋಲಾರದ ಆಸ್ಪತ್ರೆಯೊಂದರಲ್ಲಿ ಕೆಲಸ, ದಿನಾ ಹೋಗಿ ಬರುತ್ತಾಳೆ. ಪಾಟಿ ಮಗಳಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು. ನಾನು ಬಂದ ಕಾರಣ ಹೇಳಿದೆ.

"ಅಯ್ಯೋ, ಅಷ್ಟು ದೂರದಿಂದ ಬಂದ್ರಾ ಅಕ್ಕಾ?" ಹುಡುಗಿಗೆ ನಾಚಿಕೆಯಾಯಿತು. "ಪಾಸ್‌ವರ್ಡ್ ತೆಗೆಯೋದು ಮರ್ತೇಬಿಟ್ಟೆ. ಅದ್ರಲ್ಲಿ ಏನೂ ಇಲ್ಲ. ಹಳೇ ಪಾಠ ಅಷ್ಟೇ. ಅಳಿಸ್ಬಿಡಿ. ನಂಬರ್ ಬರ್ಕೊಳ್ಳಿ…"

"ಬ್ಯಾಡ ಬ್ಯಾಡ!" ಅತ್ತೆ ಎರಡೂ ಕೈ ಅಡ್ಡ ಹಿಡಿದರು. "ನಮಗೆ ಏಳ್ಬ್ಯಾಡ ತಾಯಿ. ನಿಮ್ಮಮ್ಮನಿಗೆ ಏಳು. ಅವರೇ ಒತ್ಲಿ."

ನನ್ನ ಮಗಳು ಕಣ್ಣು ಮೇಲೆತ್ತಿ ಸೂರು ನೋಡಿದಳು. ಆದರೂ ಹಾಗೇ ನಡೆಯಿತು. ಪಾಟಿ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡು, ಒಂದು ಬೆರಳು ಚಾಚಿ ಲ್ಯಾಪ್‌ಟಾಪಿನ ಮುಂದೆ ಕೂತಳು. ನಾವು ಮೂವರು ಗೋಡೆಯ ಕಡೆ ತಿರುಗಿದೆವು. ಗೋಡೆಯಲ್ಲಿ ಹಾರ ಹಾಕಿದ ಒಂದು ಫೋಟೋ ಇತ್ತು, ಪಾಟಿಯ ಗಂಡನದು. ಗಣಿಯಲ್ಲಿದ್ದವರಂತೆ, ಗಣಿ ನಿಂತ ಮೇಲೆ ಕಾವಲು ಕೆಲಸ ಮಾಡುತ್ತಿದ್ದವರಂತೆ. ಬಿಗಿದ ತುಟಿ, ಏರಿಸಿದ ಗದ್ದ. ಯಾವುದೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಫೋಟೋ ಎಂದು ನೋಡಿದರೇ ತಿಳಿಯುತ್ತಿತ್ತು.

ಮೊದಲ ಸಲ ತಪ್ಪಾಯಿತು. ಎರಡನೆಯ ಸಲವೂ ತಪ್ಪಾಯಿತು. ಒಂದು ಒತ್ತಿದರೆ ನಾಲ್ಕಾರು ಚುಕ್ಕಿ ಬೀಳುತ್ತಿವೆ ಎಂದು ಪಾಟಿ ಗೊಣಗಿದಳು. "ತಟ್ಟಿ ಬಿಟ್ಬಿಡಿ ಪಾಟಿ, ರೊಟ್ಟಿ ಇಟ್ಟು ನಾದೋ ಅಂಗೆ ಒತ್ಬೇಡಿ," ಎಂದು ನನ್ನ ಮಗಳು ಗೋಡೆಗೇ ಹೇಳಿದಳು. ಮೂರನೆಯ ಸಲಕ್ಕೆ ಅದು ಟಿಣ್ ಎಂದಿತು.

"ತೊರಂದಿಚ್ಚು!" ಪಾಟಿ ಚಪ್ಪಾಳೆ ತಟ್ಟಿದಳು. ತೆರೆಯಿತು ಎಂದು.

ಅತ್ತೆ ಹೆಮ್ಮೆಯಿಂದ ನಮ್ಮಿಬ್ಬರನ್ನೂ ನೋಡಿದರು. ಫೋನ್ ಮತ್ತೆ ಸ್ಪೀಕರಿಗೆ ಬಂತು. ನನ್ನ ಮಗಳು ಒಳಗಿದ್ದುದನ್ನು ಒಂದೊಂದಾಗಿ ಹೇಳತೊಡಗಿದಳು. ಫೋಟೋ ಹೆಚ್ಚಿಲ್ಲ, ಕೋಳಿಯದೇ ಐದಾರು. ಪಾಠದ ಪುಟಗಳಿವೆ. ರೆಕಾರ್ಡ್ ಮಾಡಿದ ದನಿಗಳು ರಾಶಿ ಇವೆ.

"ಅವು ನಾನು ಪಾಠ ಜೋರಾಗಿ ಓದಿ ಇಟ್ಕೊಂಡಿದ್ದು," ಅಂದಳು ಆ ಹುಡುಗಿ. "ಬಸ್ಸಲ್ಲಿ ಕೇಳ್ಕೊಂಡು ಹೋಗೋಕೆ. ಎಲ್ಲಾ ಅಳಿಸ್ಬಿಡಿ."

"ಒಂದು ಆಕು, ಎಂಗೈತೋ ಕೇಳಾನ," ಅಂದರು ಅತ್ತೆ. ಅವರಿಗೆ ಎಲ್ಲದರಲ್ಲೂ ಆಸಕ್ತಿ.

ನನ್ನ ಮಗಳು ಒಂದನ್ನು ಒತ್ತಿದಳು. ಹುಡುಗಿಯ ದನಿ ಇಂಗ್ಲಿಷಿನಲ್ಲಿ ರಕ್ತದ ಬಗ್ಗೆ, ನಾಡಿಯ ಬಗ್ಗೆ ಗಡಗಡನೆ ಓದತೊಡಗಿತು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಹಿಂದೆಲ್ಲೋ ಕುಕ್ಕರ್ ಕೂಗಿತು. ಕೋಳಿ ಕೊಕ್ಕೊಕ್ಕೋ ಎಂದಿತು. ಯಾರೋ ಕೆಮ್ಮಿದರು. ಆಮೇಲೆ ಒಂದು ಗಂಡು ದನಿ, ಅಂಗಳದಿಂದ ಕೂಗಿದ್ದಿರಬೇಕು, "ಸುಡುತಣ್ಣಿ ಎಂಗೇ?" ಎಂದು ಗದರಿತು. ಬಿಸಿನೀರು ಎಲ್ಲಿ ಎಂದು.

ಪಾಟಿ ಧಡಕ್ಕನೆ ಎದ್ದು ನಿಂತಳು. ಹಿತ್ತಿಲ ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿ ಅಲ್ಲೇ ನಿಂತಳು. ತಿರುಗಿ ಲ್ಯಾಪ್‌ಟಾಪನ್ನು ನೋಡಿದಳು. ಗೋಡೆಯ ಫೋಟೋವನ್ನು ನೋಡಿದಳು.

ಪಾಠ ತನ್ನಷ್ಟಕ್ಕೆ ನಡೆದಿತ್ತು. ಫೋನಿನಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು. "ಅಕ್ಕಾ… ಅದು ಅಪ್ಪ ಅಲ್ವಾ?"

"ಯಾರೋ ಬಿಸ್ನೀರು ಕೇಳಿದ್ರು ಕಣಮ್ಮ," ಅಂದೆ.

"ಓದ್ವಾಗೆಲ್ಲಾ ಅವರ ಗಲಾಟೆ ಅಂತ ನಾನೇ ಬೈತಿದ್ದೆ," ಅಂದಳು. ಮೂಗೆಳೆದ ಸದ್ದು ಕೇಳಿಸಿತು. "ಅಳಿಸ್ಬೇಡಿ ಅಕ್ಕಾ. ಒಂದೂ ಅಳಿಸ್ಬೇಡಿ. ಪರ್ಮಿಷನ್ ಕೇಳಿ ಬರ್ತಿದೀನಿ, ಪೆನ್‌ಡ್ರೈವ್ ತರ್ತೀನಿ. ಅಲ್ಲಿವರ್ಗೂ ಇರ್ತೀರಾ?"

ನಾನು ಮಗಳನ್ನು ನೋಡಿದೆ. ಬೆಳಗಿನಿಂದ ಊದಿಕೊಂಡಿದ್ದ ಮುಖ ಇಳಿದುಹೋಗಿತ್ತು. "ಇರ್ತೀವಿ ಅಕ್ಕಾ, ನಿಧಾನ ಬನ್ನಿ," ಎಂದು ಅವಳೇ ಉತ್ತರ ಕೊಟ್ಟಳು.

ಕೋಲಾರದಿಂದ ಬಸ್ಸು ಬರುವವರೆಗೆ ಮಾಡುವುದೇನು? ಒಂದಾದ ಮೇಲೊಂದು ಪಾಠ ಹಾಕಿ ಕೇಳುತ್ತ ಕೂತೆವು. ಮೂಳೆಯ ಪಾಠದಲ್ಲಿ ಪಾಟಿಯ ಗಂಡ ಯಾರಿಗೋ ದಾರಿ ಹೇಳಿದರು. ಜ್ವರದ ಪಾಠದಲ್ಲಿ ಬರೀ ಕೆಮ್ಮು. ಪಾಟಿ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಮಧ್ಯೆ ಮಧ್ಯೆ "ಆ ದಿನ ಮೀನು ತಂದಿದ್ರು" ಎಂದೋ, "ಅದು ಸುಳ್ಳು, ನಾನಂಗೆ ಅನ್ಲಿಲ್ಲ" ಎಂದೋ ನಮಗೆ ಬಿಡಿಸಿ ಹೇಳುತ್ತಿದ್ದಳು. ಕಿವಿಯ ಪಾಠ ಅರ್ಧಕ್ಕೆ ಬಂದಾಗ ಅವರು ರಾತ್ರಿ ಪಾಳಿಗೆ ಹೊರಟಂತಿತ್ತು. ನನ್ನ ಟಾರ್ಚ್ ಎಲ್ಲಿ, ಯಾರು ತೆಗೆದರು ಎಂದು ಮನೆಯೆಲ್ಲ ತಡಕಾಡುವ ಸದ್ದು. ಡಬ್ಬಿಯೊಂದು ಉರುಳಿತು.

"ನಿಮ್ಮ ತಲೆದಿಂಬಿನ ಅತ್ರಾನೇ ಐತಲ್ರೀ!" ಪಾಟಿ ಲ್ಯಾಪ್‌ಟಾಪಿಗೆ ಜೋರು ಮಾಡಿದಳು.

ಅಷ್ಟರಲ್ಲಿ ಪಾಠ ಮುಗಿದು ದನಿ ಕಡಿದುಹೋಯಿತು.

ಅತ್ತೆ ಮೊಮ್ಮಗಳ ತೋಳು ಜಗ್ಗಿದರು. "ಮುಂದಿಂದು ಆಕ್ಲೇ ಮಗಾ. ಟಾರ್ಚ್ ಸಿಕ್ತೋ ಇಲ್ವೋ ನೋಡಾನ."