ನಮ್ಮಕ್ಕ ತುಂಬ ಡೀಸೆಂಟ್

ನಮ್ಮಕ್ಕನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: "ತುಂಬ ಡೀಸೆಂಟ್." ಆ ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನಿಘಂಟಿನಲ್ಲಿ ಸಭ್ಯ, ಮರ್ಯಾದಸ್ಥ, ಪರವಾಗಿಲ್ಲ ಎನ್ನುವಷ್ಟು ಚೆನ್ನಾಗಿರುವ ಎಂದೆಲ್ಲ ಅರ್ಥ ಕೊಟ್ಟಿದ್ದಾರೆ. ನಮ್ಮ ಬಾಯಿಗೆ ಬಂದ ಮೇಲೆ ಅದರ ವರಸೆಯೇ ಬೇರೆ. ಬಾಡಿಗೆಗೆ ಮನೆ ಕೊಡುವವರಿಗೆ ಡೀಸೆಂಟ್ ಜನ ಬೇಕು, ಎಂದರೆ ನಲ್ಲಿ ಸೋರಿದರೂ ತುಟಿ ಬಿಚ್ಚದ ಜನ. "ಡೀಸೆಂಟಾಗಿ ಹೇಳ್ತಾ ಇದ್ದೀನಿ" ಎಂದು ಯಾರಾದರೂ ಶುರು ಮಾಡಿದರೆ ಮುಂದೆ ಬರುವುದು ಬೆದರಿಕೆಯೇ. ಹೆಣ್ಣುಮಗಳನ್ನು ಡೀಸೆಂಟ್ ಎಂದರಂತೂ ಮುಗಿಯಿತು, ಅವಳು ಕೆಮ್ಮಬೇಕಾದರೂ ಅಕ್ಕಪಕ್ಕ ನೋಡಬೇಕು.

ಪರದೆ, ಬೆಡ್‌ಶೀಟ್ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅಕ್ಕ ಹದಿನೇಳು ವರ್ಷದಿಂದ ಇದ್ದಾಳೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳೂವರೆಯವರೆಗೆ ನಿಂತೇ ಕೆಲಸ. ಕಿಟಕಿಯ ಅಳತೆ ಮರೆತು ಬಂದ ಗಿರಾಕಿ ಕೈ ಅಗಲಿಸಿ "ಇಷ್ಟಿರಬಹುದು" ಎಂದರೆ ಸಾಕು, ಅಕ್ಕ ಇಂಚಿನ ಲೆಕ್ಕ ಹೇಳುತ್ತಿದ್ದಳು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಲೂ ಹಿಂಜರಿಯುವವಳು ಕೌಂಟರಿನಲ್ಲಿ ಮಾತ್ರ ರಾಣಿ. "ಆ ಬಣ್ಣ ಬೇಡಮ್ಮ, ರೂಮು ಆಸ್ಪತ್ರೆ ಥರ ಕಾಣುತ್ತೆ" ಎಂದು ಗಿರಾಕಿಯ ಮುಖಕ್ಕೇ ಹೇಳಿ ನಗಿಸುತ್ತಿದ್ದಳು. ಆ ಮಾತುಕತೆಯೇ ಅವಳಿಗೆ ಪ್ರಾಣ.

ಅಲ್ಲಿ ಗಿರಾಕಿಗಳಿಗೆ ಸೋಫಾ ಇದೆ, ಕೆಲಸದವರಿಗೆ ಒಂದು ಸ್ಟೂಲೂ ಇಲ್ಲ. ಬರೆದಿಟ್ಟ ನಿಯಮವಲ್ಲ ಇದು. ಹೊಸಬರು ಸೇರಿದಾಗ ಬಾಯಲ್ಲೇ ಹೇಳಿಕೊಡುವುದು, ಹೇಳಿಕೊಡುವವಳು ನಮ್ಮಕ್ಕನೇ. "ಗಿರಾಕಿ ಇಲ್ದೆ ಇದ್ರೂ ಕೂರಬಾರ್ದು ಕಣಮ್ಮ, ಡೀಸೆಂಟಾಗಿ ಕಾಣಲ್ಲ." ಒಮ್ಮೆ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ದಿಂಬಿನ ಕಟ್ಟಿನ ಮೇಲೆ ಕುಕ್ಕರಿಸಿದ್ದಳಂತೆ. ಅಕ್ಕ ಅವಳನ್ನೂ ಮೆತ್ತಗೆ ಎಬ್ಬಿಸಿದಳು. ಮರುವಾರವೇ ಆ ಹುಡುಗಿ ಕೆಲಸ ಬಿಟ್ಟಳು. ಇದನ್ನು ಅಕ್ಕ ನನಗೆ ಹೇಳಿದ್ದು ಈಚೆಗೆ, ತನ್ನದೇ ಕಾಲು ಬಾತುಕೊಂಡ ಮೇಲೆ.

ಮೊಣಕಾಲಿನ ಕೆಳಗೆ ನೀಲಿ ನರಗಳು ಉಬ್ಬಿ ನಿಂತಿದ್ದವು. ಡಾಕ್ಟರಮ್ಮ ಚೆನ್ನಾಗಿ ಬೈದರು. "ಗಂಟೆಗೆ ಹತ್ತು ನಿಮಿಷ ಆದ್ರೂ ಕೂತ್ಕೊಳ್ಳಿ. ಇಲ್ಲಾಂದ್ರೆ ಹುಣ್ಣಾಗುತ್ತೆ, ಆಮೇಲೆ ನಿಲ್ಲೋಕೇ ಆಗಲ್ಲ."

"ಅಂಗಡಿ ಯಜಮಾನ್ರನ್ನ ಕೇಳಕ್ಕ" ಎಂದೆ.

"ಹೇಗೆ ಕೇಳ್ಲಿ ಕಣೇ? ಆ ಬಸುರಿ ಹುಡುಗೀನ ಎಬ್ಬಿಸಿದ ಬಾಯಲ್ಲೇ ನನಗೆ ಕುರ್ಚಿ ಕೊಡಿ ಅನ್ಲಾ?"

"ಅನ್ನು. ನಂದು ತಪ್ಪಾಯ್ತು, ಎಲ್ಲರಿಗೂ ಕೊಡಿ ಅನ್ನು."

"ಹಾಗೆಲ್ಲ ಮಾತಾಡೋದು ಡೀಸೆಂಟ್ ಅಲ್ಲ."

ಎರಡು ತಿಂಗಳು ಮಾತು ನುಂಗಿಕೊಂಡೇ ಓಡಾಡಿದಳು. ಭಾವನಿಗೂ ಹೇಳಲಿಲ್ಲ. ತೀರಾ ತಡೆಯಲಾಗದಾಗ ಅಂಗಡಿಯ ಟಾಯ್ಲೆಟ್ಟಿಗೆ ಹೋಗಿ, ಚಿಲಕ ಹಾಕಿ, ನೂರು ಎಣಿಸುವವರೆಗೆ ಕೂತು ಬರುತ್ತಿದ್ದಳಂತೆ. ಕೇಳಿ ನನಗೆ ಅಳುವೂ ಬಂತು, ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು.

ಕೊನೆಗೊಂದು ಮಧ್ಯಾಹ್ನ ತಲೆ ಸುತ್ತಿ ಗಿರಾಕಿಗಳ ಸೋಫಾದ ಮೇಲೇ ಕುಸಿದಳು. ಯಜಮಾನರು ಗದರಲಿಲ್ಲ. ನೀರು ತರಿಸಿಕೊಟ್ಟರು. ಮರುದಿನ ಕರೆದು, "ನೀವು ಹಳಬರು, ನಿಮಗೆ ಇಲ್ಲ ಅನ್ನೋಕಾಗುತ್ತಾ? ಕುರ್ಚಿ ಹಾಕಿಸ್ತೀನಿ. ಆದ್ರೆ ಕೌಂಟರಲ್ಲಿ ಬೇಡ, ಒಳಗೆ ಗೋಡೌನಲ್ಲಿ. ಬೆಲೆ ಚೀಟಿ ಅಂಟಿಸ್ಕೊಂಡು ಆರಾಮಾಗಿರಿ" ಎಂದರು. ಅಕ್ಕ ಥ್ಯಾಂಕ್ಸ್ ಹೇಳಿ ಬಂದಳು. "ಎಷ್ಟು ಡೀಸೆಂಟಾಗಿ ಹೇಳಿದ್ರು ಗೊತ್ತಾ?" ಎಂದು ನನ್ನೆದುರು ಹೊಗಳಿದಳು ಬೇರೆ. ಕಣ್ಣು ತುಂಬಿಕೊಂಡಿದ್ದನ್ನು ಮುಚ್ಚಿಡಲು ಮಾತ್ರ ಅವಳಿಂದಾಗಲಿಲ್ಲ.

ಕಳೆದ ವಾರ, ಅಕ್ಕ ಮನೆಯಲ್ಲಿ ಮರೆತುಬಿಟ್ಟಿದ್ದ ಮಾತ್ರೆ ಕೊಡಲು ಆ ಗೋಡೌನಿಗೆ ಹೋಗಿದ್ದೆ. ಕಿಟಕಿಯಿಲ್ಲದ ಕೋಣೆ, ಹಗಲಲ್ಲೂ ಟ್ಯೂಬ್‌ಲೈಟು, ಚಾವಣಿ ಮುಟ್ಟುವಷ್ಟು ಬಟ್ಟೆಯ ಕಟ್ಟುಗಳು. ಪ್ಲಾಸ್ಟಿಕ್ ಕುರ್ಚಿ ಗೋಡೆಗೆ ಒತ್ತಿಕೊಂಡಿತ್ತು, ಅದರ ಮೇಲೆ ಚೀಟಿಗಳ ಡಬ್ಬ. ಅಕ್ಕ ಪಕ್ಕದಲ್ಲಿ ನಿಂತು, ಬಗ್ಗಿ ಬಗ್ಗಿ ಚೀಟಿ ಅಂಟಿಸುತ್ತಿದ್ದಳು.

"ಇಲ್ಲಿ ಯಾರಕ್ಕ ಇದ್ದಾರೆ ನಿನ್ನ ನೋಡೋಕೆ? ಕೂತ್ಕೋ!" ಡಬ್ಬವನ್ನು ಕೆಳಗಿಟ್ಟು, ಭುಜ ಹಿಡಿದು ಕೂರಿಸಿದೆ. ಕುರ್ಚಿಯ ತುದಿಯಲ್ಲಿ ಕೂತಳು. ಬಾಗಿಲಾಚೆ ಯಾರೋ ನಡೆದು ಬಂದ ಸದ್ದಾಯಿತು. ಅಕ್ಕ ತಟ್ಟನೆ ಎದ್ದಳು. ಸದ್ದು ಮುಂದಕ್ಕೆ ಹೋಯಿತು.

"ಹೋದ್ರು. ಕೂತ್ಕೋ" ಎಂದೆ.

"ಆಗಲ್ಲ ಕಣೇ. ದಿನಾ ಪ್ರಯತ್ನ ಪಡ್ತೀನಿ. ಕೂತ್ರೆ ಎದೆ ಹೊಡ್ಕೊಳ್ಳುತ್ತೆ."

ಮಾತ್ರೆ ಕೈಗಿಟ್ಟೆ. ನಿಂತೇ ನುಂಗಿದಳು.