ನೇರಳೆ ರಿಬ್ಬನ್ನಿನ ಸೂಜಿ

ಆಗ ನನಗೆ ಅರವತ್ತಾರು. ಹತ್ತು ವರ್ಷದ ಮೇಲಾಯಿತು. ಬಾಲ್ಯದ ನೆನಪು ಅಂತ ಎಲ್ಲರೂ ಹುಣಸೆಕಾಯಿ, ಕುಂಟೆಬಿಲ್ಲೆ ಬರೀತಾರೆ. ಅವೆಲ್ಲ ನನಗೂ ಇದ್ದವು. ಆದರೆ ನನ್ನ ಬಾಲ್ಯದ್ದೊಂದು ಮಾತು ಐವತ್ತೆರಡು ವರ್ಷ ಬಾಯೊಳಗೇ ಇದ್ದು, ಅಮೆರಿಕದ ಎಜುಕೇಶನ್ ಹಿಲ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಹೊರಬಿತ್ತು. ಹೊರಬಿದ್ದದ್ದು ಹೊಟ್ಟೆಕಿಚ್ಚಿಗೆ. ನಾನು ಕಲಿತದ್ದು ಎರಡನೇ ಇಯತ್ತೆ, ಸುತ್ತಿ ಬಳಸಿ ಬರೆಯೋಕೆ ಬರೋದಿಲ್ಲ.

ಪಕ್ಕದ ಮನೆಯಲ್ಲಿ ನೆರ್ಮಿನ್ ಇದ್ದಳು, ತುರ್ಕಿಯವಳು. ನನ್ನ ಹಂಗೇ ಮಗಳ ಮನೆಗೆ ಬಂದವಳು. ಆದರೆ ಓದಿದವಳು, ಕಾರು ನಡೆಸೋಳು. ಮೊಮ್ಮಗಳು ಸಿರಿಗೆ ಆಗ ಹನ್ನೊಂದು. ಸ್ಕೂಲ್ ಬಸ್ಸಿಳಿದು ಸೀದಾ ನೆರ್ಮಿನ್ ಮನೆಗೆ ಓಡೋಳು. ಅವಳು ಸೊಪ್ಪು, ಚೀಸು ತುಂಬಿ ಸುಡೋ ಪದರ ರೊಟ್ಟಿಯ ಬೆಣ್ಣೆ ವಾಸನೆ ನಮ್ಮ ಅಡಿಗೆಮನೆವರೆಗೂ ಬರೋದು. ನಾನು ಕರಿದಿಟ್ಟ ಚಕ್ಕುಲಿ ಡಬ್ಬಿಯಲ್ಲೇ ಮೆತ್ತಗಾಗೋದು.

ಆ ವರ್ಷ ಶಾಲೆಯಲ್ಲಿ, ಹೆಂಗಸರಿಗಾಗಿ ಏನಾದರೂ ಮಾಡಿದ ಒಬ್ಬ ಅಜ್ಜಿಯ ಬಗ್ಗೆ ಮಾತಾಡಿ ಅಂದರಂತೆ. ಸಿರಿ ನನ್ನ ಕೇಳಲೇ ಇಲ್ಲ, ನೆರ್ಮಿನ್‌ಳನ್ನು ಆರಿಸಿದಳು. ಏನು ಮಹಾ ಮಾಡಿದಾಳೆ ನೋಡೋಣ ಅಂತ ನಾನೂ ಹಿಂದೆ ಹೋಗಿ ಅವಳ ಸೋಫಾ ಮೇಲೆ ಕೂತೆ.

ಸಿರಿ ಅರ್ಧ ಕನ್ನಡದಲ್ಲಿ ನನಗೆ ತಿಳಿಸುತ್ತಾ ಹೋದಳು. ನೆರ್ಮಿನ್‌ಳ ಮುತ್ತಜ್ಜಿ ಕಾಲಕ್ಕೇ ಅಲ್ಲಿ ಹೆಂಗಸರು ಪತ್ರಿಕೆ ನಡೆಸಿದ್ದರಂತೆ. ಅಜ್ಜಿ ಕಾಲಕ್ಕೆ ಓಟು ಬಂತು. ಬಂದ ಬೆನ್ನಿಗೇ, ಎಲ್ಲ ಸಿಕ್ಕಿತಲ್ಲ ಇನ್ಯಾಕೆ ಅಂತ ಹೆಂಗಸರ ಸಂಘ ಮುಚ್ಚಿತು. ಆಮೇಲೆ ಬಹಳ ವರ್ಷ ಜೋರಾಗಿ ಕೇಳುವವರು ಕಡಿಮೆ. ಇವಳ ಕಾಲಕ್ಕೆ ಮತ್ತೆ ಎದ್ದರು, ಮನೆಯೊಳಗಿನ ಹೊಡೆತದ ಮಾತನ್ನು ಬೀದಿಗೆ ತಂದರು. ಇಸ್ತಾಂಬುಲ್‌ನಲ್ಲಿ ಇವಳೂ ಇವಳ ಗೆಳತಿಯರೂ ಸೂಜಿಗೆ ನೇರಳೆ ರಿಬ್ಬನ್ ಕಟ್ಟಿ, ದೋಣಿ ಹತ್ತೋ ಹೆಂಗಸರ ಕೈಗೆ ಕೊಟ್ಟರಂತೆ.

"ಸೂಜಿ ಯಾಕ?" ಅಂದೆ.

"ಗಂಡಸರು ಟಚ್ ಮಾಡಿದ್ರೆ ಪೋಕ್ ಮಾಡೋಕೆ, ಅಜ್ಜಿ!"

ಮೈ ಉರಿದುಹೋಯಿತು. "ಇಷ್ಟಕ್ಕ ಇಷ್ಟ ದೊಡ್ಡ ಕಥಿ ಏನ? ಹದಿನಾಲ್ಕಕ್ಕ ನಾನೂ ಚುಚ್ಚೀನಿ! ಗದಗಿನ ಬಸ್ಸಿನಾಗ, ಪಿನ್ ತಗೊಂಡು. ಅಂವಾ ಅಯ್ಯಯ್ಯೋ ಅಂತ ಇಳದ ಹೋದ."

ಸಿರಿ ನನ್ನ ಕಡೆ ತಿರುಗಿದಳು. "ವಾವ್! ಆಮೇಲೆ ಹೂ ಡಿಡ್ ಯೂ ಟೆಲ್?"

ಆ ಬಸ್ಸಿನ ಬೀಡಿ ವಾಸನೆ ಮೂಗಿಗೆ ಬಂತು. ಇಳಿದ ಮೇಲೆ ಅವ್ವಗೆ ಹೇಳಿದ್ದೆ. ಅವಳು ಕಪಾಳಕ್ಕೆ ಬಿಟ್ಟು, "ಬಾಯಿ ಮುಚ್ಚಗೊಂಡಿರು" ಅಂದಿದ್ದಳು.

"ಯಾರಿಗೂ ಹೇಳಲಿಲ್ಲ ನಾ," ಅಂದೆ.

ಸಿರಿ ಮತ್ತೆ ನೆರ್ಮಿನ್ ಕಡೆ ತಿರುಗಿ ಬರೆಯತೊಡಗಿದಳು. ನೆರ್ಮಿನ್‌ಳ ಓದಿಗೆ, ಕಾರಿಗೆ ನನಗೆ ಅಷ್ಟು ಕಿಚ್ಚಿರಲಿಲ್ಲ. ಪಕ್ಕದಲ್ಲಿ ನಿಲ್ಲೋ ಹೆಂಗಸರಿದ್ದರಲ್ಲ ಅವಳಿಗೆ, ಅದಕ್ಕೆ ರಾತ್ರಿಯೆಲ್ಲ ಹೊರಳಾಡಿದೆ.

ಈಗ ಸಿರಿ ಬೇರೆ ಊರಲ್ಲಿ ಕಾಲೇಜು, ಹಬ್ಬಕ್ಕೊಂದು ಫೋನು. ನೆರ್ಮಿನ್ ತನ್ನೂರಿಗೆ ಹೋದಳು. ಆ ಮನೆಗೆ ಬಂದವರ ಹೆಸರೂ ಗೊತ್ತಿಲ್ಲ. ಹೊಟ್ಟೆ ಉರಿಸಿಕೊಳ್ಳೋಕೂ ನನಗೆ ಯಾರೂ ಉಳಿದಿಲ್ಲ.

ಆ ಸೂಜಿ ಕಥೆ ಕೇಳಿದ ಮಾರನೇ ದಿನ ಬೆಳಿಗ್ಗೆ ಸಿರಿಯನ್ನು ಬಸ್ಸಿಗೆ ಬಿಡೋಕೆ ಹೋದೆ. ಅಲ್ಲಿ ದಿನಾ ನಮ್ಮ ಕಡೆಯ ನಾಲ್ಕು ಅಜ್ಜಿಯರು ನಿಂತು ಮೊಣಕಾಲು ನೋವಿನ ಮಾತಾಡೋರು. ಬಸ್ಸು ಬರೋ ಮೊದಲೇ, ಸಿರಿಗೆ ಕೇಳೋ ಹಂಗೆ, ಗದಗಿನ ಬಸ್ಸಿನದ್ದು ಎಲ್ಲರ ಮುಂದೆ ಹೇಳಿದೆ. ಅವರಲ್ಲಿ ಮೈಸೂರಿನ ಕಮಲಮ್ಮ ಹತ್ತಿರ ಬಂದು, "ಎಷ್ಟು ಆಳಕ್ಕೆ ಚುಚ್ಚಿದ್ರಿ?" ಅಂದರು.

ಬೆರಳು ಹಿಡಿದು ತೋರಿಸಿದೆ.